ಹಳ್ಳಿ, ಪಾಳ್ಯ, ನಗರ: ಗಣಿತದ ತರಗತಿಯಲ್ಲಿ ಊರ ಹೆಸರುಗಳು

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಬಸವೇಶ್ವರನಗರದ ಒಂದು ಪ್ರೌಢಶಾಲೆ. ವಿಷಯ ಗಣಿತ, ತರಗತಿ ಒಂಬತ್ತು, ಅಧ್ಯಾಯ ‘ವೃತ್ತಗಳು’. ಈ ಬರಹ ಮಾತ್ರ ಊರ ಹೆಸರುಗಳ ಬಗ್ಗೆ. ವೃತ್ತದ ಪಾಠದಿಂದ ಊರ ಹೆಸರಿಗೆ ದಾರಿ ಹೇಗೆ ತೆರೆಯಿತು, ಆ ದಾರಿಯಲ್ಲಿ ಮಕ್ಕಳು ಏನು ಕಂಡರು, ಒಬ್ಬ ವಿಜ್ಞಾನ ಪದವಿಯ ಪ್ರಶಿಕ್ಷಣಾರ್ಥಿಯಾಗಿ ನನಗೆ ಅದರಲ್ಲಿ ಮುಖ್ಯವೆನಿಸಿದ್ದು ಯಾವುದು ಎಂಬುದನ್ನು ಸಹಪ್ರಶಿಕ್ಷಣಾರ್ಥಿಗಳೊಂದಿಗೆ ಹಂಚಿಕೊಳ್ಳುವುದು ಇದರ ಉದ್ದೇಶ.

ಜ್ಯಾ ಎಂಬ ಪದವನ್ನು ಹಲಗೆಯ ಮೇಲೆ ಬರೆದು, ಇಂಗ್ಲಿಷಿನಲ್ಲಿ ಇದಕ್ಕೆ ‘ಕಾರ್ಡ್’ ಎನ್ನುತ್ತಾರೆ ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಮಿಸ್, ನಮ್ಮ ಕಾರ್ಡ್ ರೋಡೂ ಇದೇನಾ?” ಎಂದ. ತರಗತಿ ನಕ್ಕಿತು. ಯಾಕೆ ನಕ್ಕಿರಿ ಎಂದು ಕೇಳಿದಾಗ ಉತ್ತರಗಳು ಒಂದೊಂದಾಗಿ ಬಂದವು. ಅಲ್ಲಿ ಹಿಂದೆ ರೇಷನ್ ಕಾರ್ಡ್ ಕೊಡುತ್ತಿದ್ದರು ಎಂದು ಒಬ್ಬಳು. ಕಾರ್ಡ್‌ಬೋರ್ಡ್ ಕಾರ್ಖಾನೆ ಇದ್ದಿರಬೇಕು ಎಂದು ಇನ್ನೊಬ್ಬ. ಕನ್ನಡದಲ್ಲಿ ಬರೆದಾಗ ಎರಡೂ ‘ಕಾರ್ಡ್’ಗಳು ಒಂದೇ ಆಗುವುದರಿಂದ ಈ ಊಹೆಗಳಲ್ಲಿ ತಪ್ಪೇನೂ ಇಲ್ಲ. ದಿನಕ್ಕೆ ಎರಡು ಸಲ ದಾಟುವ ರಸ್ತೆಯ ಹೆಸರಿಗೆ ಅರ್ಥವಿರಬಹುದು ಎಂದು ಅವರಿಗೆ ಅಲ್ಲಿಯವರೆಗೆ ಅನಿಸಿರಲಿಲ್ಲ ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಂಡಿತು.

ಮರುದಿನ ನಗರದ ನಕ್ಷೆ ತಂದೆ. ಮೆಜೆಸ್ಟಿಕ್ಕನ್ನು ಕೇಂದ್ರವೆಂದು ಇಟ್ಟುಕೊಂಡರೆ ಪಶ್ಚಿಮದ ಕಡೆಗೆ ಮೂರು ರಸ್ತೆಗಳು ಚಕ್ರದ ಅರಗಳಂತೆ ಹರಡಿಕೊಳ್ಳುತ್ತವೆ: ತುಮಕೂರು ರಸ್ತೆ, ಮಾಗಡಿ ರಸ್ತೆ, ಮೈಸೂರು ರಸ್ತೆ. ಕಾರ್ಡ್ ರೋಡ್ ಕೇಂದ್ರಕ್ಕೆ ಹೋಗುವುದೇ ಇಲ್ಲ. ಊರೊಳಗೆ ನುಗ್ಗದೆ ಒಂದು ಅರದಿಂದ ಇನ್ನೊಂದು ಅರಕ್ಕೆ ಅಡ್ಡಲಾಗಿ ಹಾದುಹೋಗುತ್ತದೆ. ಕೇಂದ್ರದಿಂದ ಸಮದೂರದಲ್ಲಿರುವ ಎರಡು ಬಿಂದುಗಳನ್ನು ಸೇರಿಸುವ ರೇಖಾಖಂಡ, ಆ ಬಿಂದುಗಳ ಮೂಲಕ ಎಳೆದ ವೃತ್ತಕ್ಕೆ ಜ್ಯಾ ಆಗಲೇಬೇಕು. ಮಕ್ಕಳು ದಾರ ಹಿಡಿದು ನಕ್ಷೆಯ ಮೇಲೆ ವೃತ್ತ ಎಳೆದರು. ರಸ್ತೆ ಅಲ್ಲಲ್ಲಿ ಬಾಗುತ್ತದೆ, ಹಾಗಾಗಿ ಇದು ಪುಸ್ತಕದ ಜ್ಯಾ ಅಲ್ಲ ಎಂದು ಒಬ್ಬಳು ಆಕ್ಷೇಪಿಸಿದಳು. ಆ ಆಕ್ಷೇಪವೇ ಆ ದಿನದ ಅತ್ಯುತ್ತಮ ಉತ್ತರ. ರೇಖಾಗಣಿತದ ಪದವನ್ನು ರಸ್ತೆ ಎರವಲು ಪಡೆಯುತ್ತದೆಯೇ ಹೊರತು ಪ್ರಮೇಯವನ್ನು ಪಾಲಿಸುವುದಿಲ್ಲ ಎಂಬುದು ಅವಳಿಗೆ ತಾನಾಗಿಯೇ ಹೊಳೆದಿತ್ತು. ಈ ರಸ್ತೆಗೆ ಪೂರ್ವದಲ್ಲಿ ರಾಜಾಜಿನಗರ, ಪಶ್ಚಿಮದಲ್ಲಿ ನಾವು. ‘ವೆಸ್ಟ್ ಆಫ್ ಕಾರ್ಡ್ ರೋಡ್’ ಎಂದು ತಮ್ಮ ವಿಳಾಸದಲ್ಲಿ ಬರೆಯುವ ಮಕ್ಕಳಿಗೆ ಅದು ಬರಿಯ ದಿಕ್ಕಿನ ಮಾತು ಎಂದು ಗೊತ್ತಾಯಿತು.

ನನ್ನ ಪಾಠವನ್ನು ಅವಲೋಕಿಸುತ್ತಿದ್ದ ಮಾರ್ಗದರ್ಶಕ ಶಿಕ್ಷಕರು, “ಇದು ಗಣಿತವೋ, ಕನ್ನಡವೋ, ಸಮಾಜವೋ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ನವೆಂಬರ್ ತಿಂಗಳ ಎರಡು ಸಹಪಠ್ಯ ಅವಧಿಗಳನ್ನು ನನಗೆ ಬಿಟ್ಟುಕೊಟ್ಟರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೊದಲ ಮಾರ್ಗದರ್ಶಿ ತತ್ವ, ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕು ಎಂಬುದು. ಪರೀಕ್ಷೆಗೆಂದು ನಾವೆಲ್ಲ ಅದನ್ನು ಬಾಯಿಪಾಠ ಮಾಡಿದ್ದೇವೆ. ಅದಕ್ಕೊಂದು ಅವಕಾಶ ಇಲ್ಲಿ ತಾನಾಗಿ ಒದಗಿತ್ತು.

ಮೂರು ಕಾಲಂಗಳ ಪಟ್ಟಿ

ಮನೆಗೆಲಸ ಸರಳವಾಗಿತ್ತು. ನೀವು ವಾಸಿಸುವ ಜಾಗದ ಅಥವಾ ದಾರಿಯಲ್ಲಿ ಸಿಗುವ ಜಾಗದ ಒಂದು ಹೆಸರನ್ನು ತನ್ನಿ. ಅದನ್ನು ಮೂರು ಕಾಲಂಗಳಲ್ಲಿ ಬರೆಯಿರಿ. ಮೊದಲನೆಯದು, ಹೆಸರಿನ ತುಂಡುಗಳು. ಎರಡನೆಯದು, ಮನೆಯವರು ಅಥವಾ ನೆರೆಯವರು ಹೇಳುವ ಕಥೆ. ಮೂರನೆಯದು, ಸಾಕ್ಷ್ಯ. ಮೂರನೆಯ ಕಾಲಂ ಖಾಲಿ ಇದ್ದರೂ ಅಂಕ ಕಡಿಮೆಯಾಗುವುದಿಲ್ಲ, ಆದರೆ ಎರಡನೆಯ ಕಾಲಂನ ಮಾತನ್ನು ಮೂರನೆಯದಕ್ಕೆ ಸಾಗಿಸುವಂತಿಲ್ಲ. ಪ್ರಯೋಗಾಲಯದಲ್ಲಿ ‘ಅವಲೋಕನ’ ಮತ್ತು ‘ತೀರ್ಮಾನ’ ಎಂಬ ಶೀರ್ಷಿಕೆಗಳನ್ನು ಬೇರೆ ಬೇರೆ ಇಡುವ ಅಭ್ಯಾಸವನ್ನೇ ನಾನು ಇಲ್ಲಿಗೆ ತಂದದ್ದು.

ತುಂಡು ಮಾಡುವ ಕೆಲಸದಲ್ಲಿ ಮಕ್ಕಳು ಬೇಗ ಪಳಗಿದರು. ‘ಪಾಳ್ಯ’ ಎಂದರೆ ಬೀಡು, ಪಡೆ ತಂಗುವ ಜಾಗ. ಬರಬರುತ್ತ ಸಣ್ಣ ವಸತಿಗೂ ಅದೇ ಹೆಸರು. ಹಾಗೆ ಕಾಮಾಕ್ಷಿಪಾಳ್ಯ, ಕೊಟ್ಟಿಗೆಪಾಳ್ಯ. ‘ಕಟ್ಟೆ’ಯ ಜೊತೆ ‘ಸುಂಕ’ ಸೇರಿದರೆ ಮಾಗಡಿ ರಸ್ತೆಯ ಸುಂಕದಕಟ್ಟೆ. ಸುಂಕ ಎಂದರೇನು ಎಂದು ಕೇಳಿದಾಗ ಇಡೀ ತರಗತಿ “ಟೋಲ್!” ಎಂದು ಕೂಗಿತು. ‘ಅತ್ತಿ’ಯ ಮರವೂ ‘ಗುಪ್ಪೆ’ಯೂ ಸೇರಿ ಅತ್ತಿಗುಪ್ಪೆ. ನಾಗರಹಾವೂ ಬಾವಿಯೂ ಸೇರಿ ನಾಗರಬಾವಿ. ಕೇತಮಾರನಹಳ್ಳಿಯಲ್ಲಿ ‘ನ’ ಎಂಬುದು ಷಷ್ಠೀ ವಿಭಕ್ತಿ ಎಂದು ಕನ್ನಡದ ತರಗತಿಯಲ್ಲಿ ಸದಾ ಮೌನವಾಗಿರುತ್ತಾನಂತೆ ಎನ್ನಲಾದ ಹುಡುಗನೇ ಹೇಳಿದ. ಕೇತ, ಮಾರ ಎರಡೂ ಹಳೆಯ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ವ್ಯಕ್ತಿನಾಮಗಳು. ಇಂದು ಯಾರೂ ಮಗನಿಗೆ ಕೇತ ಎಂದು ಹೆಸರಿಡುವುದಿಲ್ಲ. ಜನರಿಂದ ಮರೆಯಾದ ಹೆಸರನ್ನು ಊರು ಉಳಿಸಿಕೊಂಡಿದೆ.

ತುಮಕೂರು ರಸ್ತೆಯ ನಾಗಸಂದ್ರ ಒಂದು ಒಳ್ಳೆಯ ತಕರಾರನ್ನು ಎಬ್ಬಿಸಿತು. ‘ಸಂದ್ರ’ ಎಂಬುದು ‘ಸಮುದ್ರ’ದ ಸವೆದ ರೂಪ ಎಂದಾಗ, ಸಮುದ್ರ ಇರುವುದು ಮಂಗಳೂರಿನಲ್ಲಿ ಎಂದು ಹಲವರು ಒಪ್ಪಲಿಲ್ಲ. ಕಡಲಿಲ್ಲದ ಬಯಲುನಾಡಿನಲ್ಲಿ ದೊಡ್ಡ ಕೆರೆಯೇ ಸಮುದ್ರ. ಬೆಂಗಳೂರಿನ ಸುತ್ತ ನಾಗಸಂದ್ರ, ಸಿಂಗಸಂದ್ರ, ಹೊಂಗಸಂದ್ರಗಳು ಇರುವುದು ಕೆರೆ ಕಟ್ಟಿ ಬದುಕಿದ ಜನರ ಗುರುತು. ಧರ್ಮಾಂಬುಧಿ ಎಂಬ ಕೆರೆಯ ಅಂಗಳದಲ್ಲಿಯೇ ಇಂದಿನ ಕೆಂಪೇಗೌಡ ಬಸ್ ನಿಲ್ದಾಣ ನಿಂತಿದೆ ಎಂದು ಹೇಳಿ, ‘ಅಂಬುಧಿ’ಯ ಅರ್ಥವನ್ನು ನಿಘಂಟಿನಲ್ಲಿ ಹುಡುಕಲು ಬಿಟ್ಟೆ. ಮರುದಿನ ಅದೂ ಸಮುದ್ರವೇ ಎಂದು ತಿಳಿದುಬಂದವರ ಮುಖ ನೋಡಬೇಕಿತ್ತು.

ಮೂಡಲಪಾಳ್ಯದ ಹೆಸರು ನನಗೂ ಹೊಸ ಯೋಚನೆ ಕೊಟ್ಟಿತು. ಮೂಡಲು ಎಂದರೆ ಪೂರ್ವ. ಊರು ಇರುವುದೋ ಬೆಂಗಳೂರಿನ ಪಶ್ಚಿಮದಲ್ಲಿ. ಹಾಗಾದರೆ ಹೆಸರಿಟ್ಟವರು ಬೆಂಗಳೂರಿನಲ್ಲಿ ನಿಂತು ನೋಡುತ್ತಿರಲಿಲ್ಲ. ಅವರ ಕೇಂದ್ರ ಬೇರೆ ಕಡೆ, ಇನ್ನೂ ಪಶ್ಚಿಮದಲ್ಲಿ ಇತ್ತು. ನಿರ್ದೇಶಾಂಕ ರೇಖಾಗಣಿತದಲ್ಲಿ ಮೂಲಬಿಂದುವನ್ನು ಬದಲಿಸಿದರೆ ಚಿಹ್ನೆ ಬದಲಾಗುತ್ತದೆ ಎಂದು ಎಷ್ಟು ಸಲ ಹೇಳಿದರೂ ತಲೆಗೆ ಹತ್ತದ ಮಾತು ಈ ಒಂದು ಹೆಸರಿನಿಂದ ಹತ್ತಿತು. ವಿಜಯನಗರದ ಹೊಸಹಳ್ಳಿಯದೂ ಇದೇ ಬಗೆ. ಸುತ್ತಲಿನ ಬಡಾವಣೆಗಳಿಗೆ ಹೋಲಿಸಿದರೆ ಅಲ್ಲಿ ಅತ್ಯಂತ ಹಳೆಯದೇ ‘ಹೊಸ’ ಹಳ್ಳಿ. ಮೆಟ್ರೋ ಬಂದ ಮೇಲೆ ನಿಲ್ದಾಣಕ್ಕೆ ಶ್ರೀ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರಿಟ್ಟರೂ ಹೊಸಹಳ್ಳಿ ಅದರ ಬಾಲದಲ್ಲಿ ಉಳಿದುಕೊಂಡಿದೆ.

ಕಥೆಯನ್ನು ಏನು ಮಾಡಬೇಕು?

ಎರಡನೆಯ ಕಾಲಂ ತುಂಬಿ ತುಳುಕಿತು. ಅಜ್ಜಿಯರು, ಅಂಗಡಿಯವರು, ಆಟೋ ಚಾಲಕರು ಹೇಳಿದ ಕಥೆಗಳೆಲ್ಲ ಬಂದವು. ಇಲ್ಲಿಯೇ ಶಿಕ್ಷಕರಾದವರಿಗೆ ನಿಜವಾದ ಕಷ್ಟ. ಮಗು ಅಜ್ಜಿಯಿಂದ ಕೇಳಿ ಬರೆದು ತಂದ ಕಥೆಯನ್ನು “ಇದು ಸುಳ್ಳು” ಎಂದು ಅಳಿಸಿದರೆ, ನಾವು ಅಳಿಸುವುದು ಬರೀ ಕಥೆಯನ್ನಲ್ಲ. ಹಾಗೆಂದು ಎಲ್ಲ ಕಥೆಗೂ ಸರಿ ಗುರುತು ಹಾಕಿದರೆ ಅದು ವಿಜ್ಞಾನ ಕಲಿಸುವವರ ಕೆಲಸವಲ್ಲ.

ದಾರಿ ತೋರಿಸಿದ್ದು ನಮ್ಮ ನಗರದ ಹೆಸರೇ. ಬೇಟೆಯಲ್ಲಿ ದಾರಿ ತಪ್ಪಿದ ಹೊಯ್ಸಳ ದೊರೆ ಎರಡನೆಯ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ‘ಬೆಂದಕಾಳೂರು’, ಅದೇ ಬೆಂಗಳೂರು. ಈ ಕಥೆ ಎಲ್ಲರಿಗೂ ಗೊತ್ತು. ಬಲ್ಲಾಳನ ಆಳ್ವಿಕೆ 1173ರಿಂದ 1220. ಆದರೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಗಂಗರ ಕಾಲದ, ಸುಮಾರು ಕ್ರಿ.ಶ. 890ರ ವೀರಗಲ್ಲು ಶಾಸನ ‘ಬೆಂಗಳೂರ’ ಕಾಳಗವನ್ನು ಹೆಸರಿಸುತ್ತದೆ. ಹಲಗೆಯ ಮೇಲೆ ಎರಡು ಇಸವಿಗಳನ್ನು ಬರೆದು ಸುಮ್ಮನಾದೆ. ಕಳೆಯುವ ಲೆಕ್ಕ ಅವರೇ ಮಾಡಿದರು: ದೊರೆ ಪಟ್ಟಕ್ಕೆ ಬರುವುದಕ್ಕೆ ಸುಮಾರು 280 ವರ್ಷ ಮೊದಲೇ ಊರಿಗೆ ಆ ಹೆಸರಿತ್ತು. “ಹಾಗಾದ್ರೆ ಅಜ್ಜಿ ಕಾಳು ಕೊಡ್ಲಿಲ್ವಾ?” ಎಂದು ಒಬ್ಬಳು ಬೇಸರದಿಂದ ಕೇಳಿದಳು. ಕೊಟ್ಟಿರಬಹುದು, ಆದರೆ ಹೆಸರು ಬಂದದ್ದು ಅದರಿಂದಲ್ಲ ಎಂದು ಅವಳ ಪಕ್ಕದವಳೇ ಸಮಾಧಾನ ಹೇಳಿದಳು. ಕಥೆ ಎರಡನೆಯ ಕಾಲಂನಲ್ಲಿ ಗೌರವದಿಂದ ಉಳಿಯಿತು. ಹಸಿದವನಿಗೆ ಅನ್ನ ಕೊಟ್ಟ ಅಜ್ಜಿಯ ನೆನಪಿನಲ್ಲಿ ಒಂದು ನಗರ ತನ್ನನ್ನು ಗುರುತಿಸಿಕೊಳ್ಳಲು ಬಯಸಿತು ಎಂಬುದೂ ಒಂದು ಸಂಗತಿಯೇ. 2014ರ ನವೆಂಬರ್ 1ರಂದು ಸರ್ಕಾರ ‘ಬ್ಯಾಂಗಲೋರ್’ ಅನ್ನು ಅಧಿಕೃತವಾಗಿ ‘ಬೆಂಗಳೂರು’ ಮಾಡಿದ್ದು ಈ ಮಕ್ಕಳು ಹುಟ್ಟುವ ಹೊತ್ತಿನ ಆಸುಪಾಸಿನ ಮಾತು. ಹೆಸರುಗಳ ಕಥೆ ಇನ್ನೂ ಮುಗಿದಿಲ್ಲ ಎಂದು ತೋರಿಸಲು ಅದೂ ಉಪಯೋಗಕ್ಕೆ ಬಂತು.

ಕೆಂಗೇರಿ ಇನ್ನೊಂದು ಬಗೆಯ ಪರೀಕ್ಷೆ. ತೆಂಗಿನ ತೋಟಗಳ ಕೇರಿಯಾದ್ದರಿಂದ ‘ತೆಂಗಿನಕೇರಿ’ ಹೋಗಿ ಕೆಂಗೇರಿಯಾಯಿತು ಎಂಬುದು ಒಂದು ವಾದ. ‘ಕೆಂ’ ಎಂದರೆ ಕೆಂಪು, ಅದರ ಮುಂದೆ ‘ಕೇರಿ’ ಎಂಬುದು ಇನ್ನೊಂದು. ಎರಡನೆಯದಕ್ಕೆ ವ್ಯಾಕರಣದ ಬೆಂಬಲವಿದೆ. ಕೆಂ ಮತ್ತು ಕಣ್ಣು ಸೇರಿ ಕೆಂಗಣ್ಣು, ಕೆಂ ಮತ್ತು ತಾವರೆ ಸೇರಿ ಕೆಂದಾವರೆ ಆಗುವ ಹಾಗೆ, ಆದೇಶ ಸಂಧಿಯಲ್ಲಿ ಕಕಾರಕ್ಕೆ ಗಕಾರ ಬಂದು ಕೆಂಗೇರಿ. ಮೊದಲನೆಯ ವಾದದಲ್ಲಿ ‘ತೆ’ ಯಾಕೆ ‘ಕೆ’ ಆಯಿತು ಎಂಬುದಕ್ಕೆ ನಿಯಮ ಸಿಗುವುದಿಲ್ಲ. ಹಾಗಾದರೆ ಎರಡನೆಯದು ಸಾಬೀತಾಯಿತೇ? ಇಲ್ಲ. ನಿಯಮಕ್ಕೆ ಒಪ್ಪುವುದು ಬೇರೆ, ನಡೆದಿರುವುದು ಬೇರೆ. ಅಗತ್ಯ ಷರತ್ತು ಮತ್ತು ಸಾಕಾದ ಷರತ್ತು ಎಂಬ ವ್ಯತ್ಯಾಸವನ್ನು ನಾನು ಪದವಿಯ ಎರಡನೆಯ ವರ್ಷದಲ್ಲಿ ಕಲಿತೆ. ಒಂಬತ್ತನೆಯ ತರಗತಿಯ ಮಕ್ಕಳು ಕೆಂಗೇರಿಯನ್ನು ಹಿಡಿದು ಅದರ ಹತ್ತಿರಕ್ಕೆ ಬಂದರು.

ಇದು ನಮ್ಮಲ್ಲಿ ಮಾತ್ರ ಇರುವ ತೊಡಕಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಕಡಲಂಚಿನ ಆಂಗ್ಲ್‌ಸಿ ದ್ವೀಪದಲ್ಲಿ 58 ರೋಮನ್ ಅಕ್ಷರಗಳ ಹೆಸರಿನ ಒಂದು ಊರಿದೆ. ಉದ್ದ ಹೆಸರು ಬಹಳ ಪ್ರಾಚೀನವಿರಬೇಕು ಎಂದು ನೋಡಿದವರಿಗೆ ಅನಿಸುತ್ತದೆ. ನಿಜದಲ್ಲಿ ಊರಿಗೆ ಚಿಕ್ಕ ಹೆಸರೊಂದು ಮೊದಲಿನಿಂದ ಇತ್ತು. ರೈಲಿನಲ್ಲಿ ಬರುವ ಪ್ರವಾಸಿಗರನ್ನು ಸೆಳೆಯಲು 19ನೆಯ ಶತಮಾನದಲ್ಲಿ ಅದನ್ನು ಎಳೆದು ಉದ್ದ ಮಾಡಿದರು. ಹೆಸರಿನ ಮೇಲಿನ ಕಥೆ ಹೆಸರಿಗಿಂತ ಚಿಕ್ಕ ವಯಸ್ಸಿನದಾಗಿರಬಹುದು ಎಂಬ ಎಚ್ಚರಕ್ಕೆ ಈ ಉದಾಹರಣೆ ಮಕ್ಕಳಿಗೆ ಬಹಳ ಹಿಡಿಸಿತು. ಹೆಸರನ್ನು ಓದಿಸುವಂತೆ ಪೀಡಿಸಿ ನಗುವುದಕ್ಕೂ ಹಿಡಿಸಿತು.

ನಗರದವರು, ಹಳ್ಳಿಯವರು

ಈವರೆಗೆ ಹೇಳಿದ್ದು ಪಾಠದ ಸುಲಭ ಭಾಗ. ಮೊದಲ ವಾರ ಪರಿಚಯಕ್ಕೆಂದು ಮನೆ ಎಲ್ಲಿ ಎಂದು ಕೇಳಿದ್ದಾಗ ಹೆಚ್ಚಿನವರ ಉತ್ತರ ‘ಬಸವೇಶ್ವರನಗರ’, ಕೆಲವರದು ‘ಥರ್ಡ್ ಸ್ಟೇಜ್’. ಪಟ್ಟಿಗಳು ಬಂದಾಗ ತಿಳಿಯಿತು, ನಗರ ಎಂದವರಲ್ಲಿ ಹಲವರ ಮನೆ ಸಾಣೆಗುರುವನಹಳ್ಳಿ, ಶಿವನಹಳ್ಳಿ, ಅಗ್ರಹಾರ ದಾಸರಹಳ್ಳಿಗಳ ಹಳೆಯ ಓಣಿಗಳಲ್ಲಿ. ಬಡಾವಣೆ ಬರುವ ಮೊದಲೇ ಇದ್ದ ಊರುಗಳಿವು. ಹೊಲಗದ್ದೆಗಳು ನಿವೇಶನಗಳಾದ ಮೇಲೆ ಊರಿನ ನಡುಭಾಗ ಮಾತ್ರ ದ್ವೀಪದಂತೆ ಉಳಿದಿದೆ. ನೇರ ಅಡ್ಡರಸ್ತೆಗಳ ನಡುವೆ ಇದ್ದಕ್ಕಿದ್ದಂತೆ ಓಣಿ ತಿರುವಿಕೊಂಡು, ಒಂದು ಗುಡಿಯೂ ಅರಳಿಕಟ್ಟೆಯೂ ಸಿಕ್ಕರೆ ನೀವು ಹಳ್ಳಿಯೊಳಗೆ ಬಂದಿರಿ ಎಂದು ಅರ್ಥ.

ಸಾಣೆಗುರುವನಹಳ್ಳಿಯ ಹುಡುಗನಿಗೆ, “ನಗರ ಎಂದು ಯಾಕೆ ಹೇಳಿದೆ?” ಎಂದು ಬಿಡುವಿನಲ್ಲಿ ಕೇಳಿದೆ. “ಹಳ್ಳಿ ಅಂದ್ರೆ ಹಳ್ಳಿ ಗುಗ್ಗು ಅಂತಾರೆ ಮಿಸ್,” ಎಂದ. ಅವನ ಕುಟುಂಬ ಅಲ್ಲಿ ಎಷ್ಟು ತಲೆಮಾರಿನಿಂದ ಇದೆ ಎಂದು ಅವನಿಗೇ ಲೆಕ್ಕ ಸಿಗಲಿಲ್ಲ. ಇಡೀ ಬಡಾವಣೆಯಲ್ಲಿ ಅತ್ಯಂತ ಹಳೆಯ ನಿವಾಸಿಗಳು ತಮ್ಮ ಊರಿನ ಹೆಸರು ಹೇಳಲು ಹಿಂಜರಿಯುತ್ತಿದ್ದರು. ಅವನ ಪಟ್ಟಿಯ ಎರಡನೆಯ ಕಾಲಂನಲ್ಲಿ ಅಜ್ಜಿಯ ಮಾತಿತ್ತು: ಕತ್ತಿ ಕುಡುಗೋಲುಗಳಿಗೆ ಸಾಣೆ ಹಿಡಿಯುವ ಗುರುವ ಎಂಬವನಿದ್ದನಂತೆ. ಮೂರನೆಯದರಲ್ಲಿ ಒಂದು ಗೆರೆ ಮಾತ್ರ. ಅವನನ್ನು ಹಲಗೆಯ ಬಳಿ ಕರೆದು ಮೂರೂ ಕಾಲಂಗಳನ್ನು ಬರೆಯಲು ಹೇಳಿದೆ. ಸಾಣೆ ಎಂದರೇನು ಎಂದು ಬಡಾವಣೆಯ ಮಕ್ಕಳಿಗೆ ತಿಳಿದಿರಲಿಲ್ಲ. ಅವನು ಕೈಯಾಡಿಸಿ, ಕಾಲಿನಿಂದ ಚಕ್ರ ತುಳಿದು, ಕಿಡಿ ಹಾರುವುದನ್ನು ತೋರಿಸಿದ. ಘರ್ಷಣೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಗೊತ್ತಿಲ್ಲ.

ಕುರುಬರಹಳ್ಳಿಯ ಹೆಸರು ಬಂದಾಗ ಒಬ್ಬ ಇನ್ನೊಬ್ಬನ ಕಡೆ ನೋಡಿ ಮುಸಿಮುಸಿ ನಕ್ಕ. ಸ್ಥಳನಾಮಗಳನ್ನು ತರಗತಿಗೆ ತರುವವರು ಈ ಗಳಿಗೆಗೆ ಸಿದ್ಧರಾಗಿರಬೇಕು. ನಮ್ಮ ಊರ ಹೆಸರುಗಳಲ್ಲಿ ಜಾತಿ, ಕಸುಬು, ದಾನದ ಗುರುತುಗಳು ಇದ್ದೇ ಇವೆ. ‘ಅಗ್ರಹಾರ’ ಎಂಬುದೂ ಬ್ರಾಹ್ಮಣರಿಗೆ ದಾನವಾಗಿ ಬಿಟ್ಟ ಊರಿನ ಹೆಸರೇ. ನಾನು ಪ್ರಶ್ನೆಯನ್ನು ಜನರಿಂದ ನೆಲದ ಕಡೆಗೆ ತಿರುಗಿಸಿದೆ: ಒಂದು ಊರಿಗೆ ಕುರುಬರ ಹೆಸರು ಬರಬೇಕಾದರೆ ಅಲ್ಲಿ ಏನಿದ್ದಿರಬೇಕು? ಕುರಿಗಳು, ಕುರಿ ಮೇಯುವಷ್ಟು ಹುಲ್ಲು, ಹುಲ್ಲು ಬೆಳೆಯುವ ಬಯಲು, ಕುಡಿಯಲು ನೀರು. ಹಲಗೆಯ ಮೇಲೆ ಒಂದು ಆಹಾರ ಸರಪಳಿಯೇ ಮೂಡಿತು. ಇಂದು ಅಲ್ಲಿ ವಾಹನ ನಿಲ್ಲಿಸಲು ಜಾಗವಿಲ್ಲ. ನಗು ತಾನಾಗಿ ನಿಂತು, ಆ ಬಯಲು ಎಲ್ಲಿ ಹೋಯಿತು ಎಂಬ ಪ್ರಶ್ನೆ ಉಳಿಯಿತು. ಹಾವನೂರು ವೃತ್ತದ ಹೆಸರು ಬಂದಾಗ, ರಾಜ್ಯದ ಮೊದಲ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ 1975ರಲ್ಲಿ ವರದಿ ಕೊಟ್ಟ ಎಲ್.ಜಿ. ಹಾವನೂರರ ಬಗ್ಗೆ ನಾಲ್ಕು ಮಾತು ಹೇಳಿದೆ. ಹಾವನೂರು ಎಂಬುದು ಹಾವೇರಿ ಜಿಲ್ಲೆಯ ಒಂದು ಊರಿನ ಹೆಸರು ಕೂಡ. ಊರಿನ ಹೆಸರು ಮನುಷ್ಯನ ಹೆಸರಾಗಿ, ಅದು ಮತ್ತೆ ಇನ್ನೊಂದು ಊರಿನ ವೃತ್ತದ ಹೆಸರಾಗುವ ಪ್ರಯಾಣ ಮಕ್ಕಳಿಗೆ ಸೋಜಿಗವೆನಿಸಿತು.

ನೆನಪಿಗಾಗಿ ಇಟ್ಟ ಹೆಸರುಗಳದು ಬೇರೆಯೇ ಗುಂಪು. 1949ರಲ್ಲಿ ಕೈಗಾರಿಕಾ ಉಪನಗರವಾಗಿ ಆರಂಭವಾದ ರಾಜಾಜಿನಗರ, ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರ ಹೆಸರು ಹೊತ್ತಿದೆ. ಅವರು ಓದಿದ್ದು ನಮ್ಮದೇ ಸೆಂಟ್ರಲ್ ಕಾಲೇಜಿನಲ್ಲಿ. ವಿಜಯನಗರ, ಅದರ ಪಕ್ಕದ ಹಂಪಿನಗರ ಎರಡೂ ತುಂಗಭದ್ರೆಯ ದಡದಿಂದ ಬಂದ ಹೆಸರುಗಳು. ನಮ್ಮ ಶಾಲೆಯ ಮಕ್ಕಳು ಓಡಾಡುವ ಸಿದ್ದಯ್ಯ ಪುರಾಣಿಕ ರಸ್ತೆ, ‘ಕಾವ್ಯಾನಂದ’ ಎಂಬ ಕಾವ್ಯನಾಮದ ಕವಿ, ಆಡಳಿತಗಾರ ಸಿದ್ದಯ್ಯ ಪುರಾಣಿಕರ (1918–1994) ನೆನಪಿನದು. ಇಂಥ ಹೆಸರುಗಳಿಗೆ ಸಾಕ್ಷ್ಯ ಸುಲಭವಾಗಿ ಸಿಗುತ್ತದೆ. ಆದರೆ ಇವು ನೆಲದ ಬಗ್ಗೆ ಏನೂ ಹೇಳುವುದಿಲ್ಲ, ಇಟ್ಟವರು ಯಾರನ್ನು ಗೌರವಿಸಿದರು ಎಂಬುದನ್ನು ಹೇಳುತ್ತವೆ.

ಬಸವೇಶ್ವರನಗರದ ಸರದಿ ಕೊನೆಗೆ ಬಂತು. 12ನೆಯ ಶತಮಾನದ ಬಸವಣ್ಣನವರ ಹೆಸರು ಎಂದು ಎಲ್ಲರೂ ಹೇಳಿದರು. ಅವರು ಎಲ್ಲಿಯವರು ಎಂದು ಕೇಳಿದೆ. ಮೌನ. ಆಗ ಗೋಡೆಯ ಬದಿಯ ಸಾಲಿನಿಂದ ಒಬ್ಬ ಹುಡುಗಿ ಕೈ ಎತ್ತಿದಳು. ಅವಳ ತಂದೆತಾಯಿ ಕಟ್ಟಡದ ಕೆಲಸಕ್ಕೆಂದು ವಿಜಯಪುರದ ಕಡೆಯಿಂದ ಬಂದವರು. ವಾಸ ಕಟ್ಟುತ್ತಿರುವ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ. ಅವಳ ಪಟ್ಟಿ ಖಾಲಿ ಇತ್ತು. ಅವಳಿರುವ ಜಾಗಕ್ಕೆ ಹೆಸರಿಲ್ಲ, ಆರು ತಿಂಗಳಿಗೊಮ್ಮೆ ಅದೂ ಬದಲಾಗುತ್ತದೆ. “ನಮ್ಮೂರ ಕಡೀ ಅವ್ರು ಹುಟ್ಟಿದ್ದು ರೀ ಟೀಚರ್. ಬಸವನ ಬಾಗೇವಾಡಿ. ಮೊದ್ಲ ಬರೀ ಬಾಗೇವಾಡಿ ಇತ್ತಂತ, ಆಮ್ಯಾಲೆ ಬಸವನ ಅಂತ ಸೇರಿಸ್ಯಾರ,” ಎಂದಳು. ಐಕ್ಯರಾದದ್ದು ಕೂಡಲಸಂಗಮದಲ್ಲಿ ಎಂದೂ ಸೇರಿಸಿದಳು. ಕೂಡಲು ಎಂದರೇನು ಎಂದು ಕೇಳಿದಾಗ ಎರಡು ಕೈಗಳ ಬೆರಳುಗಳನ್ನು ಹೆಣೆದು ತೋರಿಸಿದಳು: ಕೃಷ್ಣಾ ಮತ್ತು ಮಲಪ್ರಭಾ ಕೂಡುವ ಜಾಗ. ‘ಕೂಡಲು’ ಎಂದರೂ ಸಂಗಮ, ‘ಸಂಗಮ’ ಎಂದರೂ ಸಂಗಮ. ಒಂದು ಕನ್ನಡ, ಒಂದು ಸಂಸ್ಕೃತ ಎಂದು ನಾನು ಒಂದು ಮಾತು ಕೂಡಿಸಿದೆ. ಆ ಹೊತ್ತಿನಲ್ಲಿ ಬಸವೇಶ್ವರನಗರದ ಬಗ್ಗೆ ಅವಳಿಗಿಂತ ಹೆಚ್ಚು ತಿಳಿದವರು ತರಗತಿಯಲ್ಲಿ ಇರಲಿಲ್ಲ. ಅವಳ ಮಾತಿನ ಧಾಟಿಯನ್ನು ಅಣಕಿಸುತ್ತಿದ್ದವರು ಅವಳು ಹೇಳಿದ್ದನ್ನು ತಮ್ಮ ಪಟ್ಟಿಗೆ ಬರೆದುಕೊಂಡರು.

ಮುಂದೆ ಮಾಡುವವರಿಗೆ

ಈ ಚಟುವಟಿಕೆಗೆ ಬೇಕಾದ್ದು ಒಂದು ನಕ್ಷೆ, ಒಂದು ನಿಘಂಟು, ಎರಡು ಅವಧಿ. ಸಾಕ್ಷ್ಯಕ್ಕಾಗಿ ಬಿ.ಎಲ್. ರೈಸ್ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಬೆಂಗಳೂರು ಸಂಪುಟವಿದೆ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಕಾಪಾಡುತ್ತಿದ್ದಾರೆ. ಶಂ.ಬಾ. ಜೋಶಿಯವರ ‘ಎಡೆಗಳು ಹೇಳುವ ಕಂನಾಡ ಕಥೆ’, ಊರ ಹೆಸರುಗಳಿಂದ ನಾಡಿನ ಚರಿತ್ರೆಯನ್ನು ಓದಲು ಹೊರಟ ಕೃತಿ. ಭಾಷಾ ಪ್ರಶಿಕ್ಷಣಾರ್ಥಿಗಳ ಜೊತೆ ವಿಜ್ಞಾನದವರೂ ಅದನ್ನು ಕೈಗೆತ್ತಿಕೊಳ್ಳಬಹುದು.

ಮೌಲ್ಯಮಾಪನದಲ್ಲಿ ನಾನು ನೋಡಿದ್ದು ಒಂದೇ ಅಂಶ: ಕಥೆಯನ್ನೂ ಸಾಕ್ಷ್ಯವನ್ನೂ ಮಗು ಬೇರೆ ಬೇರೆ ಇಟ್ಟಿದೆಯೇ? ಹೆಚ್ಚಿನವರು ಇಟ್ಟಿದ್ದರು. ಊರು ಬಿಟ್ಟು ಬಂದ ಮಕ್ಕಳಿಗೆ ಈಗಿರುವ ಜಾಗದ ಬದಲು ತಮ್ಮ ಊರಿನ ಹೆಸರನ್ನೇ ತರಲು ಮೊದಲ ದಿನವೇ ಹೇಳಿಬಿಡಿ ಎಂಬುದು ನನ್ನ ಸಲಹೆ. ಆಗ ಯಾರ ಪಟ್ಟಿಯೂ ಖಾಲಿಯಾಗಿ ಬರುವುದಿಲ್ಲ. ಜಾತಿ ಸೂಚಿಸುವ ಹೆಸರುಗಳು ಬಂದಾಗ ಅವುಗಳನ್ನು ದಾಟಿಸಿ ಮುಂದೆ ಹೋಗಬೇಡಿ. ಆ ಹೆಸರು ನೆಲದ ಬಗ್ಗೆ ಏನು ಹೇಳುತ್ತದೆ ಎಂದು ಕೇಳಿ.

ಪಟ್ಟಿಗಳನ್ನೆಲ್ಲ ಒಂದೇ ಹಾಳೆಗೆ ಇಳಿಸಿ ಒಂಬತ್ತನೆಯ ತರಗತಿಯ ಗೋಡೆಗೆ ಅಂಟಿಸಿದ್ದೇವೆ. ಬೋಧನಾಭ್ಯಾಸದ ಕೊನೆಯ ವಾರ ಪ್ರಗತಿ ಪುಸ್ತಕದಲ್ಲಿ ವಿಳಾಸ ತುಂಬುವ ಕೆಲಸ ಬಂತು. ಸಾಣೆಗುರುವನಹಳ್ಳಿಯ ಹುಡುಗ ಎರಡೂ ಹೆಸರು ಬರೆದಿದ್ದ, ಹಳ್ಳಿ ಮೊದಲು, ನಗರ ಆಮೇಲೆ. ಗೋಡೆಯ ಹಾಳೆಯಲ್ಲಿ ಮೂರನೆಯ ಕಾಲಂನ ಹಲವು ಮನೆಗಳು ಇನ್ನೂ ಖಾಲಿ ಇವೆ. ಆ ಶಾಲೆಗೆ ಮುಂದಿನ ವರ್ಷ ಹೋಗುವ ಪ್ರಶಿಕ್ಷಣಾರ್ಥಿ ಯಾವ ವಿಷಯದವರೇ ಆಗಿರಲಿ, ಕೆಲಸ ಅಲ್ಲಿಂದ ಮುಂದುವರಿಸಬಹುದು.